ಮೂರು ಬೆರಳು ಮಡಿಚಿದ ಊರು

ಹತ್ತಿ ಬಿಡಿಸುವ ಹಿಂಜು ಖಾತೆಯ ನಾಲ್ಕನೆಯ ಮಿಷನ್ನು ಬಾಳವ್ವನ ಬಲಗೈಯ ನಡುವಿನ ಮೂರು ಬೆರಳುಗಳನ್ನು ಕಿತ್ತುಕೊಂಡಿತು. ಮಾರನೆಯ ದಿನ ನೂಲಿನ ಗಿರಣಿಯ ಹೆಬ್ಬಾಗಿಲಿನ ಫಲಕದ ಮೇಲೆ, ಬಾಳವ್ವ ಕೆಲಸದ ವೇಳೆಯಲ್ಲಿ ನಿದ್ದೆ ಮಾಡುತ್ತಿದ್ದಳು, ಅಪಘಾತಕ್ಕೆ ಅವಳೇ ಹೊಣೆ, ಅವಳನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಬಿಳಿ ಬಣ್ಣದಲ್ಲಿ ಬರೆಸಿದರು. ಆ ಮಿಷನ್ನಿನ ಹಲ್ಲುರುಳೆಯ ಮೇಲೆ ಮೊದಲು ಒಂದು ತಗಡಿನ ಮುಚ್ಚಳವಿತ್ತು. ಹಬ್ಬದೊಳಗೆ ಹೆಚ್ಚು ಮಾಲು ಹೊರಡಬೇಕೆಂದು ಅದನ್ನು ಬಿಚ್ಚಿ ಗೋದಾಮಿನಲ್ಲಿ ಒಗೆದಿದ್ದರು. ಫಲಕದ ಮೇಲೆ ಮುಚ್ಚಳದ ಮಾತಿರಲಿಲ್ಲ.

ನಾನು ತಿಪ್ಪವ್ವ. ಗಿರಣಿಯ ಭೋಂಗಾ, ಅಂದರೆ ಪಾಳಿಗೆ ಕೂಗುವ ಉಗಿಯ ಸೀಟಿ, ಎಳೆಯುವವಳು. ಬಾಯ್ಲರ್ ಮನೆಗೆ ಹತ್ತಿಕೊಂಡು ಇಟ್ಟಿಗೆಯ ಗೋಪುರವಿದೆ. ಅದರ ತುದಿಯಲ್ಲಿ ಹಿತ್ತಾಳೆಯ ಭೋಂಗಾ, ಭೋಂಗಾದಿಂದ ಇಳಿಬಿದ್ದ ಸರಪಳಿ, ಸರಪಳಿಯ ಕೆಳಗೆ ನಾನು. ಮುಂಜಾನೆ ಪಾಳಿ ಶುರುವಾಗುವಾಗ ಒಮ್ಮೆ ಎಳೆಯುತ್ತೇನೆ. ಭೋಂಗಾ ಕೂಗಿ ನಿಂತದ್ದೇ ಊರಿನ ದನಿ ಹೋಗುತ್ತದೆ. ಸಂಜೆ ಪಾಳಿ ಬಿಡುವಾಗ ಮತ್ತೊಮ್ಮೆ ಎಳೆಯುತ್ತೇನೆ. ದನಿ ಬರುತ್ತದೆ. ನನ್ನ ಅಪ್ಪ ಎಳೆಯುತ್ತಿದ್ದಾಗಲೂ ಹೀಗೇ ಇತ್ತು, ಅವನಿಗಿಂತ ಹಿಂದಿನವರ ಕಾಲದಲ್ಲೂ ಹೀಗೇ ಇತ್ತಂತೆ. ರಜೆಯ ದಿನ ಭೋಂಗಾ ಇರುವುದಿಲ್ಲ. ಅವತ್ತು ಊರಿನವರು ಬೆಳಗಿನಿಂದ ಮಾತಾಡಿ ಮಾತಾಡಿ ಸಂಜೆಗೆ ಎಲ್ಲರ ಗಂಟಲೂ ಬಿದ್ದಿರುತ್ತದೆ.

ಇದರ ಜೊತೆಗೇ ನಾವು ಬದುಕು ಕಟ್ಟಿಕೊಂಡಿದ್ದೇವೆ. ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಹಗಲು ಅದು ಅತ್ತರೆ ಕೇಳುವುದಿಲ್ಲ, ಕಾಲು ಬಡಿದರೆ ಗೊತ್ತಾಗುತ್ತದೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಯ ಮಿನಾರಿನಿಂದ ಹಸಿರು ಬಟ್ಟೆ ಇಳಿಬಿಡುತ್ತಾರೆ. ಪೂಜಾರಿ ತನ್ನ ಮಂತ್ರವನ್ನೆಲ್ಲ ಭೋಂಗಾಕ್ಕೆ ಮೊದಲೇ ಗಡಬಡಿಸಿ ಮುಗಿಸುತ್ತಾನೆ. ರೇಡಿಯೊ ಹಚ್ಚಿದರೆ ಹಾಡಿನೊಳಗಿನ ತಬಲಾ ಪೇಟಿ ಕೇಳುತ್ತವೆ, ಹಾಡುವವರು ಕೇಳುವುದಿಲ್ಲ. ಹಗಲು ಯಾರಾದರೂ ತೀರಿಕೊಂಡರೆ ಹೆಣದ ಸುತ್ತ ಸುಮ್ಮನೆ ಕುಳಿತಿರುತ್ತಾರೆ, ಅಳು ಸಂಜೆಗೆ. ಜಗಳವೂ ಸಂಜೆಗೇ. ನಾನು ಎರಡನೆಯ ಸಲ ಸರಪಳಿ ಎಳೆದದ್ದೇ ತಡ, ಗಿರಣಿಯವರು ಕಟ್ಟಿಸಿದ ನಮ್ಮ ಲೈನ್ ಮನೆಗಳಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತು, "ಮುಂಜಾನೆ ನೀರಿನ ಕಡೆ ನನ್ನ ಕೊಡಾ ಯಾಕ ಸರಿಸಿದೆವಾ ನೀ?" ಎಂದು, ದಿನವಿಡೀ ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡಿದ್ದನ್ನು ಶುರು ಮಾಡುತ್ತಾರೆ. ರೈಲಿನಿಂದ ಹೊಸದಾಗಿ ಇಳಿದವರು ಗಾಬರಿಯಾಗಿ ಗಂಟಲು ಹಿಡಿದುಕೊಳ್ಳುತ್ತಾರೆ. ಚಹಾದಂಗಡಿಯವನು ಅವರನ್ನು ಕೂಡಿಸಿ ಒಂದು ಲೋಟ ನೀರು, ಒಂದು ಪಾಟಿ, ಒಂದು ಬಳಪ ಕೊಡುತ್ತಾನೆ.

ಗಿರಣಿಯ ಮಾಲೀಕರು, ಮ್ಯಾನೇಜರು, ಪಕ್ಷಗಳ ದೊಡ್ಡವರು, ಇವರೆಲ್ಲ ಹೊಳೆಯ ಆಚೆ ಇರುತ್ತಾರೆ. ಭೋಂಗಾದ ಅಳತೆ ಸೇತುವೆಯ ನಡುವಿಗೆ ಮುಗಿಯುತ್ತದೆ. ಮುಂಜಾನೆ ಮ್ಯಾನೇಜರನ ಕಾರು ಸೇತುವೆಯ ಮೇಲೆ ಬರುವಾಗ ಗೋಪುರದಿಂದ ನೋಡುತ್ತೇನೆ: ಅರ್ಧ ಸೇತುವೆಯವರೆಗೆ ಅವನ ಬಾಯಿ ಡ್ರೈವರನ ಮೇಲೆ ಆಡುತ್ತಿರುತ್ತದೆ, ಆಮೇಲೆ ಮುಚ್ಚುತ್ತದೆ. ಗಿರಣಿಯೊಳಗೆ ಅವನು ಬಾವುಟದಲ್ಲಿ ಆಳುತ್ತಾನೆ. ಸಂಜೆ ಹಸಿರು ಬೀಸಿದರೆ ನಾನು ಭೋಂಗಾ ಎಳೆಯಬೇಕು, ಕೆಂಪು ಬೀಸಿದರೆ ಮಿಷನ್ನು ನಿಲ್ಲಬೇಕು. ಕೆಂಪನ್ನು ಅವನು ಬೀಸಿದ್ದು ನಾನು ನೋಡಿಲ್ಲ. ಬಾಳವ್ವನ ಕೈ ಸಿಕ್ಕಾಗಲೂ ಬೀಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಮಿಷನ್ನು ತಿರುಗಿಸುವ ಪಟ್ಟಾ ಕಿತ್ತು ನಿಲ್ಲಿಸಿದಳು. ಹೊರಗಿನವರು ಬಂದರೆ ಇದು ಬಹಳ ಶಾಂತವಾದ ಊರು, ಇಲ್ಲಿಯ ಕೆಲಸಗಾರರು ಎದುರಾಡುವುದಿಲ್ಲ ಎಂದು ಮಾಲೀಕರು ಹೊಗಳುತ್ತಾರೆ.

ಎದುರಾಡುವುದು ಅವರಿಗೆ ತಿಳಿಯುವುದಿಲ್ಲ, ಅಷ್ಟೆ. ನಮಗೆ ಕೈಮಾತು ಇದೆ. ನಮ್ಮ ಅಜ್ಜಿಯರು ಅದನ್ನು ಮಿಷನ್ನುಗಳ ನಡುವೆ ನಿಂತು ಮಾಡಿದರು, ನಮ್ಮ ತಾಯಂದಿರು ಅದಕ್ಕೆ ಬೈಗುಳ ಸೇರಿಸಿದರು. ಬಣ್ಣದ ಖಾತೆಯವರ ಕೈ ಮೊಣಕೈವರೆಗೆ ನೀಲಿ, ಅವರ ಚೇಷ್ಟೆ ಅಂಗಳದ ಆ ತುದಿಯಿಂದ ಕಾಣುತ್ತದೆ. ನೇಯ್ಗೆಯವರದು ತೋಳೆಲ್ಲ ಬೀಸುವ ದೊಡ್ಡ ಮಾತು. ಹಿಂಜು ಖಾತೆಯ ಹೆಂಗಸರದು ಚಿಟಿಕೆಯಷ್ಟು ಸಣ್ಣದು, ಚುರುಕು, ಬಹಳ ಖಾರ. ಒಂದು ಹೆಸರು, ಒಂದು ಊಟ, ಒಂದು ಸಿಟ್ಟು, ಯಾವುದನ್ನೇ ಹೇಳಬೇಕಾದರೂ ಬಲಗೈಯ ನಡುವಿನ ಬೆರಳುಗಳು ಬೇಕು.

ಸಂಜೆ ದನಿ ಬಂದ ಮೇಲೆ ಖಾಸಿಂಸಾಬನ ಸೈಕಲ್ ಅಂಗಡಿಯ ಹಿಂಭಾಗದಲ್ಲಿ ಓದುಮನೆ ಕೂಡುತ್ತಿತ್ತು. ದಿನವೆಲ್ಲ ಮುಚ್ಚಿದ್ದ ಬಾಯಿಗೆ ಗಟ್ಟಿಯಾಗಿ ಓದುವುದೆಂದರೆ ಉಪವಾಸ ಬಿಟ್ಟು ಉಂಡ ಹಾಗೆ. ನಾನು ಅಕ್ಷರ ಕಲಿತದ್ದು ಅಲ್ಲೇ, ಪಂಕ್ಚರ್ ತಿದ್ದುವ ಸೊಲ್ಯೂಷನ್ ವಾಸನೆಯೊಳಗೆ. ಪತ್ರಿಕೆ ಓದುತ್ತಿದ್ದೆವು, ಕಾರ್ಮಿಕ ಕಾನೂನು ಓದುತ್ತಿದ್ದೆವು, ದೂರದ ದೇಶಗಳ ಗಿರಣಿಯವರ ಕಥೆ ಓದುತ್ತಿದ್ದೆವು. ಹೊಸ ಶಬ್ದ ಬಂದರೆ ಅದಕ್ಕೊಂದು ಕೈ ಹುಡುಕುತ್ತಿದ್ದೆವು. ಸಂಘ ಎನ್ನುವುದಕ್ಕೆ ಒಂದು ಕೈಯ ಬೆರಳು ಇನ್ನೊಂದು ಕೈಯ ಬೆರಳಿನೊಳಗೆ ಸಿಕ್ಕಿಸಿ ಎಳೆದು ತೋರಿಸಿದವನು ನೇಯ್ಗೆಯ ವೀರಭದ್ರಪ್ಪ. ಹಾಗೆ ತೋರಿಸಿದ ಸಂಜೆಯೇ ನಮ್ಮ ಸಂಘ ಹುಟ್ಟಿತು, ವೀರಭದ್ರಪ್ಪ ಅಧ್ಯಕ್ಷನಾದ. ಅವನಂಥ ಕೈ ಊರಲ್ಲೇ ಇರಲಿಲ್ಲ. ಅವನು ಒಂದು ನಗೆಚಟಾಕಿ ಹೇಳಿದರೆ ಮೂರು ಸಾಲು ಮಗ್ಗದವರು ದನಿಯಿಲ್ಲದೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ತೊಟ್ಟಿಲು ಗುರುತಿನ ಪಕ್ಷದವರು ಬಂದು ಸಂಘಕ್ಕೆ ಬಲ ಕೊಡುತ್ತೇವೆ ಅಂದರು. ಕೊಟ್ಟರು. ಅಧ್ಯಕ್ಷನಿಗೆ ಹೊಳೆಯ ಆಚೆ ಮನೆ ಬಂತು, ಬಿಳಿ ಜುಬ್ಬಾ ಬಂತು, ಜುಬ್ಬಾಕ್ಕೆ ಎರಡು ಕಿಸೆ ಬಂದವು. ಅವನ ಎರಡೂ ಕೈಗಳು ಆ ಕಿಸೆಗಳೊಳಗೆ ಹೋದವು, ಆಮೇಲೆ ಹೊರಗೆ ಬಂದದ್ದು ಕಡಿಮೆ.

ಕೈಗೆ ಕಟ್ಟಿದ ಬಟ್ಟೆ ಬಿಚ್ಚಿದ ಮೇಲೆ ಬಾಳವ್ವ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಫಲಕದ ಕೆಳಗೇ ನಿಂತಳು. ಒಳಗೆ ಹೋಗುವವರಿಗೆ ಏನೋ ಹೇಳಲು ಬಲಗೈ ಎತ್ತಿದಳು. ಹೆಬ್ಬೆರಳು, ಕಿರಿಬೆರಳು, ನಡುವೆ ಏನೂ ಇಲ್ಲ. ನಾನು ನಿದ್ದೆ ಮಾಡಲಿಲ್ಲ ಎನ್ನುವುದನ್ನು ಹೇಳಲು ಹೊರಟಿದ್ದಳು. ಅದು ಮಾತಾಗಲಿಲ್ಲ, ಬರೀ ಕೈ ಅಲುಗಿದ ಹಾಗಾಯಿತು. ಜನ ಕಣ್ಣು ಕಿರಿದು ಮಾಡಿ ನೋಡಿದರು, ತಿಳಿದವರಂತೆ ತಲೆ ಆಡಿಸಿದರು, ಒಳಗೆ ಹೋದರು. ಅವಳು ತಾನೇ ಒಮ್ಮೆ ನಕ್ಕು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಆಮೇಲೆ ಹಗಲು ಅವಳು ಕೈ ಎತ್ತಲೇ ಇಲ್ಲ. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಒಂದು ಸಂಜೆ ದನಿ ಬಂದ ಕೂಡಲೇ ಗೋಡೆಯ ಆಚೆಯಿಂದ ಹೇಳಿದಳು: "ತಿಪ್ಪಕ್ಕಾ, ಹಗಲೆಲ್ಲಾ ನಾ ಸತ್ತಿರ್ತೇನಿ. ನೀ ಭೋಂಗಾ ಎಳದ್ರ ಎದ್ದು ಕುಂದ್ರತೇನಿ." ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದೆ.

ನಾಲ್ಕನೆಯ ಮಿಷನ್ನಿಗೆ ಬಾಳವ್ವನ ಬದಲಿಗೆ ನನ್ನ ಮಗಳು ನೀಲವ್ವನನ್ನು ಹಾಕಿದರು. ಪಟ್ಟಾ ಕಿತ್ತ ಹುಡುಗಿ ಅವಳೇ. ಅದಕ್ಕೇ ಹಾಕಿದರೋ ಏನೋ. ಮುಚ್ಚಳ ಇನ್ನೂ ಗೋದಾಮಿನಲ್ಲೇ ಇತ್ತು.

ಊಟದ ಬಿಡುವಿನಲ್ಲಿ ನೀಲವ್ವ ಹೊರಗೆ ಬಂದು ಫಲಕದ ಕೆಳಗೆ ದಿನವೂ ಬಂದು ಕೂರುತ್ತಿದ್ದ ಬಾಳವ್ವನ ಎದುರು ಕುಂತಳು. ಬುತ್ತಿ ಬಿಚ್ಚಿದಳು. ತನ್ನ ಬಲಗೈಯ ನಡುವಿನ ಮೂರು ಬೆರಳುಗಳನ್ನು ಅಂಗೈಗೆ ಮಡಿಚಿ, ಹೆಬ್ಬೆರಳು ಕಿರಿಬೆರಳಿನಲ್ಲಿ ಮಾತಾಡಲು ನೋಡಿದಳು. ಮೊದಲು ಬಾಳವ್ವನಿಗೆ ಸಿಟ್ಟು ಬಂತು, ಅಣಕಿಸುತ್ತಿದ್ದಾಳೆ ಅಂದುಕೊಂಡಳು. ನೀಲವ್ವ ಬಿಡಲಿಲ್ಲ. ಪಲ್ಯ ತೋರಿಸಿದಳು, ಮಣಿಕಟ್ಟು ತಿರುಗಿಸಿದಳು, ಮುಖ ಕಿವುಚಿದಳು. ನಮ್ಮವ್ವ ಇವತ್ತು ಉಪ್ಪು ಮರೆತಿದ್ದಾಳೆ ಎಂದು ಹೇಳುತ್ತಿದ್ದಾಳೆಂದು ಗೋಪುರದ ಮೇಲಿದ್ದ ನನಗೆ ತಿಳಿಯಿತು. ಬಾಳವ್ವನಿಗೂ ತಿಳಿಯಿತು. ಅವಳು ಸೆರಗಿನಿಂದ ಕೈ ತೆಗೆದು, ನಿಮ್ಮವ್ವ ಮೊದಲಿಂದಲೂ ಅಷ್ಟೇ, ಅಂದಳು.

ಹೊಸ ಕೈಮಾತು ಹಾಗೆ ಶುರುವಾಯಿತು. ಮೂರು ಬೆರಳು ಮಡಿಚಿದರೆ ಉಳಿದದ್ದನ್ನು ಮಣಿಕಟ್ಟು ಹೊರಬೇಕು, ಮೊಣಕೈ ಹೊರಬೇಕು, ಹುಬ್ಬು ಹೊರಬೇಕು. ಮಾತು ನಿಧಾನವಾಯಿತು, ಆದರೆ ಸ್ಪಷ್ಟವಾಯಿತು. ಮೊದಲು ಹಿಂಜು ಖಾತೆಯವರೆಲ್ಲ ಹಾಗೆ ಮಾತಾಡಿದರು. ಬಣ್ಣದವರಿಗೆ ಹಬ್ಬಿತು. ನೇಯ್ಗೆಯ ಮುದುಕರು, ಈಗಿನ ಹುಡುಗಿಯರ ಕೈ ನೆಟ್ಟಗಿಲ್ಲ ಎಂದು ಬೈದರು. ಹಾಗೆ ಬೈಯುವಾಗ ತಾವೂ ಬೆರಳು ಮಡಿಚಿದ್ದಾರೆಂಬುದು ಅವರಿಗೆ ಗೊತ್ತಾಗಲಿಲ್ಲ. ಮಾರುಕಟ್ಟೆಯಲ್ಲಿ ಬದನೆಕಾಯಿಯ ಚೌಕಾಸಿ ಆ ಮಾತಿನಲ್ಲಿ ನಡೆಯಿತು. ಬಾಳವ್ವ ಹಗಲು ಸಾಯುವುದನ್ನು ಬಿಟ್ಟಳು. ಎಲ್ಲರಿಗಿಂತ ಅವಳದೇ ಚಂದದ ಕೈಯಾಯಿತು. ಉಳಿದವರದು ಮಡಿಚಿದ ಬೆರಳು, ನಡುವೆ ಅಡ್ಡ ಬರುತ್ತಿತ್ತು.

ಮ್ಯಾನೇಜರನಿಗೆ ಇದು ಕಣ್ಣಿಗೆ ಬಿತ್ತು. ಚುನಾವಣೆ ಹತ್ತಿರವಿತ್ತು. ಅವನು ತೊಟ್ಟಿಲಿನ ಕಡೆಯವನು, ಜನ ಬೆರಳು ಮಡಿಚಿ ತೋರಿಸುವುದು ಎದುರಾಳಿ ಬುಗುರಿ ಪಕ್ಷದ ಗುರುತಿರಬೇಕು ಅಂದುಕೊಂಡ. ಬುಗುರಿ ಪಕ್ಷದವರು ಇದು ತೊಟ್ಟಿಲಿನವರ ಹೊಸ ಆಟವೆಂದು ಹೆದರಿದರು. ಎರಡೂ ಕಡೆಯವರು ಊರೊಳಗೆ ಜನ ಕಳಿಸಿದರು, ಅವರು ಚಹಾದಂಗಡಿಯಲ್ಲಿ ಪಾಟಿಯ ಮೇಲೆ "ಈ ಕೈ ಯಾರದು?" ಎಂದು ಬರೆದು ಕೇಳಿದರು. ಅಂಗಡಿಯವನು ಕೆಳಗೆ "ಬಾಳವ್ವಂದು" ಎಂದು ಬರೆದು ಚಹಾ ಇಟ್ಟ. ಗಿರಣಿಯ ಆವರಣದಲ್ಲಿ ಬೆರಳು ಮಡಿಚತಕ್ಕದ್ದಲ್ಲ ಎಂದು ಫಲಕದ ಮೇಲೆ ಹೊಸ ಸಾಲು ಬಂತು. ಸಂಜೆ ಲೈನಿನಲ್ಲಿ ಅದೇ ಮಾತು. "ಮತ್ತ ತುತ್ತು ಹೆಂಗ ಕಟ್ಟೂದ್ರೀ?" "ತುತ್ತು ಯಾಕ ಬೇಕ ನಿನಗ, ಸಾಹೇಬರು ತೊಟ್ಟಿಲದಾಗ ಹಾಕಿ ಹಾಲು ಕುಡಸ್ತಾರ." "ಬ್ಯಾಡವಾ, ಬುಗುರಿಯವರು ಬಂದು ತಿರುವಿ ಒಗೀತಾರ." ಲಗಮವ್ವ ಎಂಬ ಮುದುಕಿ, ನಮ್ಮ ಲೈನಿನ ಜಗಳಗಂಟಿ, ಕಟ್ಟೆಯ ಮೇಲೆ ಕುಂತು ಹೇಳಿದಳು: "ಇವರು ತೂಗ್ತಾರ, ಅವರು ತಿರಗಸ್ತಾರ. ಎರಡಕ್ಕೂ ತಲಿ ತಿರಗತೈತಿ, ಹೊಟ್ಟಿ ತುಂಬೂದಿಲ್ಲ."

ಮೊದಲು ಬಂದವರು ಬುಗುರಿಯವರು. ಲಾರಿಯ ಮೇಲೆ ರಟ್ಟಿನಲ್ಲಿ ಮಾಡಿದ ದೊಡ್ಡ ಕೈ, ಮೂರು ಬೆರಳಿನ ಜಾಗದಲ್ಲಿ ಕೆಂಪು ಬಣ್ಣ ಸುರಿದಿತ್ತು. ಬಾಳವ್ವ ಅದರ ಕೆಳಗೆ ನಿಂತು ಊರೆಲ್ಲ ಸುತ್ತಬೇಕಂತೆ. ಅವಳು ಲಾರಿಯನ್ನು ಒಂದು ಸುತ್ತು ಹಾಕಿ ನೋಡಿ, "ನಿಮ್ಮ ಉಮೇದುವಾರರ ಭಾವಾನ ಅಲ್ಲೇನ್ರೀ ಗಿರಣಿ ಗುತ್ತಿಗಿದಾರ?" ಎಂದು ಕೇಳಿದಳು. "ಮುಚ್ಚಳಾ ಬಿಚ್ಚಿದವರು ಅವನ ಮಂದಿ." ಲಾರಿಯವನು, ಅದೆಲ್ಲ ಗೆದ್ದ ಮೇಲೆ ನೋಡೋಣ ತಂಗೀ ಅಂದ. "ಹಂಗಾರ ನಾ ಲಾರಿ ಏರೂದೂ ಗೆದ್ದ ಮ್ಯಾಲೆ ನೋಡೂಣು," ಎಂದು ಒಳಗೆ ಹೋದಳು.

ತೊಟ್ಟಿಲಿನವರು ಲಾರಿ ಕಳಿಸಲಿಲ್ಲ. ವೀರಭದ್ರಪ್ಪನನ್ನು ಕಳಿಸಿದರು. ಸಂಘದ ಸಭೆಯಲ್ಲಿ ನಾವು ಆಗಲೇ ಕೈ ಎತ್ತಿದ್ದೆವು: ಮುಚ್ಚಳ ಹಾಕಬೇಕು, ಫಲಕ ಅಳಿಸಬೇಕು, ಬಾಳವ್ವನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಗಿರಣಿ ಬಂದ್. ಅವನು ಅದನ್ನು ಎತ್ತಲೇ ಇಲ್ಲ. ಬಾಳವ್ವನ ಮನೆಯ ಹೊಸ್ತಿಲೊಳಗೆ ಕುಂತು, ಕಿಸೆಯಲ್ಲಿ ಕೈ ಇಟ್ಟುಕೊಂಡು, ನೀರು ಕುಡಿಯಲೂ ಎಡಗೈ ಒಂದನ್ನೇ ತೆಗೆದು, "ಬಾಳವ್ವಾ, ಉಮೇದುವಾರರು ಬಸವಂತರಾಯರು ನಿನ್ನ ಬಗ್ಗೆ ಭಾಳ ನೊಂದ್ಕೊಂಡಾರ," ಎಂದು ಶುರು ಮಾಡಿದ. "ಗಿರಣಿ ಮುಂದಿನ ಬಯಲಾಗ ಸಭಾ ಐತಿ. ನಿನ್ನ ವೇದಿಕಿ ಮ್ಯಾಲ ಕರದು ಮಾಲಿ ಹಾಕ್ತಾರ. ಹೊಲಿಗಿ ಮಿಷನ್ ಕೊಡ್ತಾರ."

ಬಾಳವ್ವ ಬಲಗೈಯನ್ನು ಅವನ ಮುಖದ ಮುಂದೆ ಹಿಡಿದಳು. "ಯಾವ ಬೆರಳಿಂದ ಸೂಜಿಗೆ ದಾರಾ ಹಾಕ್ಲಿ ಅಣ್ಣಾ?"

"ಎಡಗೈ ಐತೆಲ್ಲವಾ," ಅಂದ. ಅಂದವನು ತಾನೇ ನೆಲ ನೋಡಿದ. ಆಮೇಲೆ ಬೇಗ ಬೇಗ ಹೇಳಿದ: "ಅದು ಬರೇ ಮಂದೀಗೆ ತೋರಸಾಕ. ಖರೇ ಸಂಗತಿ ಬ್ಯಾರೆ ಐತಿ. ಹೊಳಿ ಆಚೆ ನೀರಿನ ಕಚೇರ್‍ಯಾಗ ನಿನಗ ಸಿಪಾಯಿ ಕೆಲಸಾ. ಕಾಯಂ. ಅಲ್ಲಿ ಹಗಲೆಲ್ಲಾ ದನಿ ಇರತೈತಿ, ಕೈ ಎತ್ತೂದ ಬ್ಯಾಡ ನೀ. ನೀ ಮಾಡೂದು ಇಷ್ಟ: ಮೈಕಿನಾಗ, ನನ್ನ ಕಣ್ಣು ಹತ್ತಿತ್ತು, ಯಾರದೂ ತಪ್ಪಿಲ್ಲ, ಸಾಹೇಬರು ಕೈ ಹಿಡದ್ರು ಅಂತ ಎರಡು ಮಾತು ಹೇಳಿಬಿಡು."

"ಗಿರಣಿ ಬಂದ್ ಮಾಡೂದು?" ಎಂದು, ಬಾಳವ್ವನ ಪಕ್ಕ ಕುಂತಿದ್ದ ನಾನು ಕೇಳಿದೆ.

"ಚುನಾವಣಿ ಆಗ್ಲಿ ತಿಪ್ಪಕ್ಕಾ. ಈಗ ಬಂದ್ ಮಾಡಿದ್ರ ಬುಗುರಿಯವರಿಗೆ ಅನುಕೂಲ ಆಗತೈತಿ."

"ಮುಚ್ಚಳಾ?"

"ಅದೂ ಚುನಾವಣಿ ಆದ ಮ್ಯಾಲೆ."

"ಹೋದ ಚುನಾವಣಿಗೂ ಹಿಂಗ ಅಂದಿದ್ದಿ. ಆಗ ಗಾಳಿಗೆ ಕಿಟಕಿ ಕೇಳಿದ್ವಿ. ಈಗಲೂ ಹತ್ತಿ ನುಂಗಕೋತ ನಿಂತೇವಿ. ನಮ್ಮ ಬೇಡಿಕಿಗೆಲ್ಲಾ ಬಸಿರಿನ ಬಯಕಿಗತೆ ಮುಹೂರ್ತ ಹಚ್ಚತೀಯಲ್ಲ, ನಿನ್ನ ಜುಬ್ಬಾಕ್ಕ ಯಾವ ಮುಹೂರ್ತ ನೋಡಿದ್ದಿ? ಕಿಸೇದಾಗಿಂದ ಕೈ ತಗದು ಹೇಳಪಾ ಈ ಮಾತು. ನಿನ್ನ ಕೈಲೆ ಹೇಳು, ನೋಡೂಣು ಬರತೈತೇನು."

ಅವನು ಕೈ ತೆಗೆಯಲಿಲ್ಲ. "ನೀ ಓದುಮನಿ ಮಾತು ಆಡ್ತಿ ಅಕ್ಕಾ," ಎಂದು ಎದ್ದ. "ಲೋಕಾ ಹಂಗ ನಡಿಯೂದಿಲ್ಲ." ಬಾಗಿಲ ಹೊರಗೆ ಅವನ ಚಪ್ಪಲಿಗಳು ಹೊಸವಿದ್ದವು.

ಅವನು ಹೋದ ಮೇಲೆ ಬಾಳವ್ವ ಒಲೆಯ ಮುಂದೆ ಕುಂತಳು. "ಅಕ್ಕಾ, ಹಗಲೆಲ್ಲಾ ದನೀಲೆ ಮಾತಾಡಬಹುದಂತ," ಅಂದಳು. ಅವಳ ಮುಖದ ಮೇಲೆ ಆಸೆ ಇತ್ತು. ಇರಬಾರದೆಂದು ಹೇಳಲು ನಾನು ಯಾರು? ಅವಳಿಗೆ ತಾಯಿಯಿಲ್ಲ, ಗಂಡನಿಲ್ಲ, ಕೆಲಸವಿಲ್ಲ. ಲೈನ್ ಮನೆ ಬಿಡಲು ಗಿರಣಿಯವರು ಹೇಳಿ ಕಳಿಸಿದ್ದರು. ನೀಲವ್ವನ ಹೆಸರು ನನ್ನ ನಾಲಗೆಯ ತುದಿಗೆ ಬಂತು. ಹೇಳಿದರೆ ಅವಳನ್ನು ಕಟ್ಟಿಹಾಕಿದ ಹಾಗಾಗುತ್ತದೆಂದು ನುಂಗಿಕೊಂಡೆ. ಅವಳೇ ಕೇಳಿದಳು: "ನಾಲ್ಕನೇದರ ಮುಂದ ನೀಲಿ ನಿಂತಾಳಲ್ಲ?" "ಹೂಂ," ಅಂದೆ. "ನನ್ನ ಕಣ್ಣು ಹತ್ತಿತ್ತು ಅಂದ್ರ, ನಾಳೆ ಅಕೀದೂ ಕಣ್ಣು ಹತ್ತತೈತಿ," ಅಂದಳು. ಮರುದಿನ ವೀರಭದ್ರಪ್ಪನಿಗೆ, ವೇದಿಕೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಅಲ್ಲಿ ಏನು ಹೇಳುತ್ತಾಳೆಂದು ನಾನು ಕೇಳಲಿಲ್ಲ. ಹೊಳೆಯ ಆಚೆಯ ಕೆಲಸಕ್ಕೆ ಒಪ್ಪಿಕೊಂಡಳು ಎಂದು ಲೈನಿನಲ್ಲಿ ಕೆಲವರು ಆಡಿಕೊಂಡರು. ಅವಳಿಗೂ ಕೇಳಿಸಿತು.

ಸಭೆಯ ಸಂಜೆ ನಾನು ಸರಪಳಿ ಎಳೆದು ದನಿ ಬಿಟ್ಟೆ. ಬಾಯ್ಲರಿನ ಬೆಂಕಿ ಇಳಿಯುವವರೆಗೆ ಗೋಪುರ ಬಿಡುವ ಹಾಗಿಲ್ಲ, ಹಾಗಾಗಿ ಮೇಲಿನಿಂದಲೇ ನೋಡಿದೆ. ಸೂರ್ಯ ಹೊಳೆಯ ಮೇಲೆ ಇನ್ನೂ ಇದ್ದ. ಬಯಲು ತುಂಬಿತ್ತು, ಪಾಳಿ ಬಿಟ್ಟವರು ಮನೆಗೆ ಹೋಗದಂತೆ ಬಾಗಿಲಲ್ಲೇ ತಡೆದು ಕೂಡಿಸಿದ್ದರು. ವೇದಿಕೆಯ ಮುಂದಿನ ಸಾಲುಗಳಲ್ಲಿ ಹೊಳೆಯಾಚೆಯಿಂದ ಬಸ್ಸಿನಲ್ಲಿ ತಂದ ಹುಡುಗರು, ತಲೆಗೆಲ್ಲ ತೊಟ್ಟಿಲಿನ ಪಟ್ಟಿ. ಬಸವಂತರಾಯ ಬಹಳ ಹೊತ್ತು ಮಾತಾಡಿದ. ನಮ್ಮನ್ನು ದೇವರು ಅಂದ, ನಮ್ಮ ಬೆವರನ್ನು ಗಂಗೆ ಅಂದ, ಈ ಊರಿನ ಶಾಂತಿ ಇಡೀ ನಾಡಿಗೆ ಮಾದರಿ ಅಂದ. ಹೊಲಿಗೆ ಮಿಷನ್ನಿಗೆ ಚೆಂಡುಹೂವಿನ ಮಾಲೆ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ಇನ್ನೊಂದು ಮಾಲೆ ಬಾಳವ್ವನ ಕೊರಳಿಗೆ. ವೀರಭದ್ರಪ್ಪ ಮೈಕನ್ನು ಅವಳ ಮುಂದೆ ಎಳೆದ.

"ನಮಸ್ಕಾರ ಎಲ್ಲಾರಿಗೂ," ಅಂದಳು ಬಾಳವ್ವ. ಲೌಡ್‌ಸ್ಪೀಕರಿನಲ್ಲಿ ಅವಳ ದನಿ ನಮ್ಮ ಗೋಡೆಯ ಆಚೆಯ ದನಿಯೇ ಆಗಿತ್ತು. "ನನ್ನ ಕಣ್ಣು ಹತ್ತಿರಲಿಲ್ಲ. ಮಿಷನ್ನಿಗೆ ಮುಚ್ಚಳಾ ಇರಲಿಲ್ಲ. ಮುಚ್ಚಳಾ ಗೋದಾಮಿನಾಗ ಬಿದ್ದೈತಿ, ಯಾರು ಬೇಕಾದ್ರೂ ಹೋಗಿ..."

ಮೈಕು ಸತ್ತಿತು. ಮುಂದಿನ ಸಾಲಿನ ಹುಡುಗರು ಎದ್ದು ಜೈಕಾರ ಹಾಕಿದರು. ಯಾರೋ ರೆಕಾರ್ಡು ಹಚ್ಚಿದರು, ಪಕ್ಷದ ಹಾಡು ಬಯಲನ್ನೆಲ್ಲ ತುಂಬಿತು. ಬಾಳವ್ವನ ಬಾಯಿ ಆಡುತ್ತಲೇ ಇತ್ತು. ಸಂಜೆಯಾಗಿತ್ತು, ಎಲ್ಲರಿಗೂ ದನಿ ಇತ್ತು, ಅವಳೊಬ್ಬಳಿಗೇ ಇರಲಿಲ್ಲ. ಹಿಂದೆ ನಿಂತ ನಮ್ಮ ಹೆಂಗಸರು ಕೂಗಿದರು, ಅದೂ ಆ ಹಾಡಿನೊಳಗೆ ಮುಳುಗಿತು. ಬಸವಂತರಾಯ ನಗುತ್ತ ಅವಳ ಭುಜ ಹಿಡಿದು ಕೆಳಗೆ ಇಳಿಸಲು ನೋಡಿದ.

ಬಾಳವ್ವ ಭುಜ ಕೊಡವಿದಳು. ತಿರುಗಿ ಗೋಪುರದ ಕಡೆ ಮುಖ ಎತ್ತಿದಳು. ಬಲಗೈ ಎತ್ತಿ, ಹೆಬ್ಬೆರಳು ಕಿರಿಬೆರಳನ್ನು ಕೊಂಡಿಯ ಹಾಗೆ ಬಾಗಿಸಿ, ಮೇಲಿನಿಂದ ಕೆಳಕ್ಕೆ ಎಳೆದಳು.

ನಾನು ಸರಪಳಿಗೆ ಜೋತುಬಿದ್ದೆ.

ಭೋಂಗಾ ಕೂಗಿ ನಿಂತಿತು. ಜೈಕಾರ ಹಾಕುತ್ತಿದ್ದ ಹುಡುಗರ ಬಾಯಿಗಳು ತೆರೆದೇ ಇದ್ದವು, ಒಬ್ಬರನ್ನೊಬ್ಬರು ನೋಡಿಕೊಂಡರು, ಹೊಸಬರಲ್ಲವೇ, ಗಂಟಲು ಹಿಡಿದುಕೊಂಡರು. ಪಕ್ಷದ ಹಾಡಿನಲ್ಲಿ ಬರೀ ಡೋಲು ಉಳಿಯಿತು. ಯಾರೋ ಅದನ್ನೂ ಆರಿಸಿದರು. ಬಯಲು ಹಗಲಿನ ಹಾಗೆ ಸುಮ್ಮನಾಯಿತು. ಆ ಸುಮ್ಮನಿರುವಿಕೆ ನಮ್ಮದು, ಅದರೊಳಗೆ ನಾವು ಹುಟ್ಟಿ ಬೆಳೆದವರು. ಬಾಳವ್ವ ಕೊರಳಿನ ಮಾಲೆ ತೆಗೆದು ಹೊಲಿಗೆ ಮಿಷನ್ನಿಗೇ ಹಾಕಿದಳು. ಆಮೇಲೆ ಕೈ ಎತ್ತಿ ಮಾತಾಡಿದಳು.

ಕಟ್ಟಕಡೆಯ ಸಾಲಿಗೂ ಕಾಣುವ ಹಾಗೆ ದೊಡ್ಡದಾಗಿ, ನಿಧಾನವಾಗಿ ಮಾತಾಡಿದಳು. ನಾನು ನಿದ್ದೆ ಮಾಡಿದೆ ಎಂದು ಹೇಳಲು ಇವರು ನನ್ನನ್ನು ಕರೆತಂದಿದ್ದಾರೆ, ಅದಕ್ಕೆ ಕೂಲಿ ಹೊಳೆಯ ಆಚೆ ಒಂದು ಕೆಲಸ, ಅಂದಳು. ಎಚ್ಚರವಿದ್ದೆ, ನೀಲವ್ವ ಪಟ್ಟಾ ಕೀಳುವುದನ್ನು ಕಣ್ಣಾರೆ ಕಂಡೆ, ಅಂದಳು. ಮುಚ್ಚಳ ಹಾಕುವವರೆಗೆ ನಾಲ್ಕನೆಯದರ ಮುಂದೆ ಯಾರೂ ನಿಲ್ಲಬೇಡಿ. ಫಲಕ ಅಳಿಸುವವರೆಗೆ ಯಾವುದರ ಮುಂದೆಯೂ ನಿಲ್ಲಬೇಡಿ. ಚುನಾವಣೆ ಅವರದು, ಅವರು ಮಾಡಿಕೊಳ್ಳಲಿ. ಗಿರಣಿ ನಮ್ಮ ಕೈಯಿಂದ ನಡೆಯುತ್ತದೆ, ಈ ಕೈಯಿಂದ. ಇಷ್ಟು ಹೇಳಿ, ಆ ಕೈಯನ್ನು ಹಾಗೇ ಮೇಲೆ ಹಿಡಿದು ನಿಂತಳು.

ಮೊದಲು ನನ್ನ ಮಗಳ ಕೈ ಏರಿತು, ಮೂರು ಬೆರಳು ಮಡಿಚಿದ್ದು. ಆಮೇಲೆ ಹಿಂಜು ಖಾತೆ. ಆಮೇಲೆ ನೀಲಿ ಕೈಗಳು. ಬಯಲು ತುಂಬ ಕೈ ಏರಿದಾಗ ಬಳೆಗಳೆಲ್ಲ ಒಮ್ಮೆಗೇ ಮೊಣಕೈ ಕಡೆಗೆ ಜಾರಿದವು. ಆ ಹೊತ್ತಿಗೆ ಊರಿನಲ್ಲಿ ಕೇಳಿದ ಸದ್ದು ಅದೊಂದೇ.

ವೇದಿಕೆಯ ಮೇಲಿದ್ದವರಿಗೆ ಏನೂ ತಿಳಿಯಲಿಲ್ಲ. ಬಸವಂತರಾಯ ಸತ್ತ ಮೈಕನ್ನು ಬಡಿದ, ಬಾಯಿ ತೆರೆದ, ಮುಚ್ಚಿದ. ಆಮೇಲೆ ವೀರಭದ್ರಪ್ಪನ ರಟ್ಟೆ ಹಿಡಿದು ಅಲುಗಿಸಿ ಗೋಪುರ ತೋರಿಸಿದ. ವೀರಭದ್ರಪ್ಪನ ಕೈಗಳು ಕಿಸೆಯಿಂದ ಹೊರಗೆ ಬಂದವು. ಬಹಳ ದಿನ ಬಳಸದ ಕೈ, ಮೊದಲ ಸಲ ತಪ್ಪಿತು, ಎರಡನೆಯ ಸಲ ಹಳೆಯ ಕೈಮಾತಿನಲ್ಲಿ ಸರಿಯಾಗಿ ಬಂತು: ಭೋಂಗಾ ಎಳಿ ತಿಪ್ಪಕ್ಕಾ, ಸಾಹೇಬರು ಮಾತಾಡಬೇಕು. ಎಳೆದರೆ ನಿನಗೆ ಒಳ್ಳೆಯದಾಗುತ್ತದೆ.

ಬಯಲಿನ ಜನ ತಿರುಗಿ ನನ್ನನ್ನು ನೋಡಿದರು. ನಾನು ಎಳೆಯದಿದ್ದರೆ ದನಿ ಅವರಿಗೂ ಇಲ್ಲ. ಅವತ್ತಿನ ಜಗಳ ಇಲ್ಲ, ಓದುಮನೆ ಇಲ್ಲ, ಕೂಸಿಗೆ ಜೋಗುಳ ಇಲ್ಲ. ಲಗಮವ್ವನಿಗಂತೂ ಪಕ್ಕದ ಮನೆಯವಳ ಮೇಲೆ ಬೆಳಗಿನಿಂದ ಕೂಡಿಟ್ಟದ್ದು ಬೆಟ್ಟದಷ್ಟಿತ್ತು. ಅವಳೇ ಮೊದಲು ಕೈ ಆಡಿಸಿದಳು. ಬ್ಯಾಡ, ಅಂದಳು. ನಾ ನಾಳೆ ಬೈದುಕೊಳ್ಳುತ್ತೇನೆ. ಅವಳ ಹಿಂದೆ ಖಾಸಿಂಸಾಬ, ಓದುವುದನ್ನು ಕೈಯಲ್ಲೇ ಓದೋಣ, ಅಂದ. ಆಮೇಲೆ ಯಾರು ಏನಂದರೆಂದು ಬಿಡಿಸಿ ನೋಡಲಾಗಲಿಲ್ಲ, ಕೈಗಳು ಅಷ್ಟಿದ್ದವು.

ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಿದ್ದ, ಕೈಯಲ್ಲಿ ಹಸಿರು ಬಾವುಟ. ನನ್ನ ಮುಖದ ಮುಂದೆ ಬೀಸಿದ. ನಾನು ಭೋಂಗಾಕ್ಕೆ ಎಣ್ಣೆ ಹಾಕುವ ಏಣಿ ಹತ್ತಿ, ಸರಪಳಿಯ ತುದಿಯನ್ನು ಅವನ ಕೈಗೆ ನಿಲುಕದ ಮೇಲಿನ ಕೊಕ್ಕೆಗೆ ಹಾಕಿ, ಇಳಿದು ಏಣಿಯನ್ನು ಕಿಟಕಿಯಿಂದ ಕೆಳಗೆ ಬಿಟ್ಟೆ. ಅವನು ಕಿಟಕಿಯಿಂದ ಹೆಬ್ಬಾಗಿಲಿನ ಫಲಕವನ್ನು ತೋರಿಸಿದ, ಆಮೇಲೆ ನನ್ನನ್ನು ತೋರಿಸಿದ. ನನ್ನ ಹೆಸರೂ ಅಲ್ಲಿ ಬರುತ್ತದೆ ಎಂದು. ತಿಳಿಯಿತು. ಬರಲಿ, ಬಾಳವ್ವನ ಹೆಸರಿನ ಕೆಳಗೆ ಜಾಗವಿದೆ.

ಸರಪಳಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕುಂತೆ. ಅವನು ಮತ್ತೆ ಬಾವುಟ ಬೀಸಿದ. ನಾನು ಬಲಗೈ ಎತ್ತಿ, ನಡುವಿನ ಮೂರು ಬೆರಳು ಮಡಿಚಿ, ಅವನಿಗೆ ತಿಳಿಯದ ನಮ್ಮ ಮಾತಿನಲ್ಲಿ, ಇಲ್ಲ ಅಂದೆ. ಅವನು ಇನ್ನೊಮ್ಮೆ ಬೀಸಿದ. ಇಲ್ಲ ಅಂದೆ.